ಕಣ್ಣು ಮತ್ತು ಕ್ಯಾಮರಾ: ಒಂದು ಹೋಲಿಕೆಯ ಚರಿತ್ರೆ

2019ರ ಡಿಸೆಂಬರ್ 26ರಂದು ನಮ್ಮ ಕಾಸರಗೋಡಿನಲ್ಲಿ ಕಂಕಣ ಸೂರ್ಯಗ್ರಹಣ ಕಾಣಿಸಿತು. ಚೆರುವತ್ತೂರಿಗೆ ಅದನ್ನು ನೋಡಲು ದೂರದೂರದಿಂದ ಜನ ಬಂದಿದ್ದರು. ಕ್ರಿಸ್ಮಸ್ ರಜೆಯಾದರೂ ನಾವು ಕೆಲವು ಮಕ್ಕಳನ್ನು ಶಾಲೆಯ ಅಂಗಳಕ್ಕೆ ಬರಹೇಳಿದ್ದೆವು. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಬಿಳಿ ಕಾಗದದ ಮೇಲೆ ಸೂರ್ಯನ ಬಿಂಬ ಬೀಳಿಸಿ ತೋರಿಸಿದೆವು. ಮಾವಿನ ಮರದಡಿಯಲ್ಲಿ ಎಲೆಗಳ ಸಂದಿನಿಂದ ಬಿದ್ದ ಬೆಳಕೂ ನೆಲದ ತುಂಬ ಬಳೆಗಳನ್ನು ಚೆಲ್ಲಿದಂತೆ ಕಂಡಿತು.

ಚಂದ್ರ ಸೂರ್ಯನನ್ನು ಮೇಲಿನಿಂದ ಮುಚ್ಚುತ್ತಾ ಬಂದಾಗ ಕಾಗದದ ಮೇಲಿನ ಬಿಂಬದಲ್ಲಿ ಕೆಳಗಿನಿಂದ ಕತ್ತಲಾಗುತ್ತಿತ್ತು. ಅದನ್ನು ಗಮನಿಸಿದ ಒಬ್ಬಳು ಹುಡುಗಿ ಕೇಳಿದಳು: "ಮಾಷ್ಟ್ರೇ, ಕಣ್ಣು ಕ್ಯಾಮರಾದ ಹಾಗೆ ಅಂತ ಪಾಠದಲ್ಲಿ ಉಂಟಲ್ಲ. ಕಣ್ಣಿನೊಳಗೂ ಚಿತ್ರ ತಲೆಕೆಳಗೆ ಬಿದ್ದರೆ ನಮಗೆ ಎಲ್ಲ ನೇರ ಕಾಣುವುದು ಹೇಗೆ?" "ಮೆದುಳು ಅದನ್ನು ತಿರುಗಿಸಿ ನೇರ ಮಾಡುತ್ತದೆ" ಎಂದು ಹೇಳಿ ನಾವು ಅಂದು ಪಾರಾದೆವು. ಆ ಉತ್ತರ ಅಷ್ಟು ಸರಿಯಲ್ಲವೆಂದು ತಿಳಿದದ್ದು ಆಮೇಲೆ, ಈ ಹೋಲಿಕೆಯ ಚರಿತ್ರೆಯನ್ನು ಓದಿದಾಗ.

ಯೂಕ್ಲಿಡ್, ಟಾಲೆಮಿ ಮೊದಲಾದ ಗ್ರೀಕರು ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ನಂಬಿದ್ದರು. ನಮ್ಮ ನ್ಯಾಯದರ್ಶನದವರ ಅಭಿಪ್ರಾಯವೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಇದನ್ನು ಬಲವಾಗಿ ಅಲ್ಲಗಳೆದವನು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈತಮ್. ಹನ್ನೊಂದನೇ ಶತಮಾನದ ಆರಂಭದಲ್ಲಿ ಏಳು ಭಾಗಗಳ ದೃಗ್ವಿಜ್ಞಾನ ಗ್ರಂಥವನ್ನು ಬರೆದ ಈತ, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ವಾದಿಸಿದ. ಗ್ರಹಣದ ಸೂರ್ಯ ಸಣ್ಣ ರಂಧ್ರದ ಮೂಲಕ ಕುಡುಗೋಲಿನ ಆಕಾರದ ಬಿಂಬವನ್ನು ಬೀಳಿಸುವುದೇಕೆ ಎಂಬುದರ ಬಗ್ಗೆಯೂ ಪ್ರತ್ಯೇಕವಾಗಿ ಬರೆದ.

ಇಂಥ ರಂಧ್ರವಿರುವ ಕತ್ತಲೆ ಕೋಣೆಗೆ ಮುಂದೆ ಲ್ಯಾಟಿನಿನಲ್ಲಿ 'ಕ್ಯಾಮರಾ ಅಬ್ಸ್‌ಕ್ಯುರಾ' ಎಂಬ ಹೆಸರು ಬಂತು. ಕ್ಯಾಮರಾ ಎಂದರೆ ಕೋಣೆ ಎಂದಷ್ಟೇ ಅರ್ಥ. ಹದಿನಾರನೇ ಶತಮಾನದ ಇಟಲಿಯಲ್ಲಿ ಡೆಲ್ಲಾ ಪೋರ್ಟಾ ಕಣ್ಣನ್ನು ಈ ಕೋಣೆಗೆ ಹೋಲಿಸಿದ. ಆದರೆ ಚಿತ್ರ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಬೀಳುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ನೋಡುವ ಅಂಗ ಮಸೂರವೇ ಎಂಬುದು ಗೇಲನ್‌ನ ಕಾಲದಿಂದ ಬಂದ ನಂಬಿಕೆಯಾಗಿತ್ತು.

ಗಂಟು ಬಿಡಿಸಿದವನು ಖಗೋಳ ವಿಜ್ಞಾನಿ ಕೆಪ್ಲರ್. ಅವನಿಗೂ ದಾರಿ ತೋರಿಸಿದ್ದು ಗ್ರಹಣವೇ! 1600ರ ಜುಲೈ 10ರಂದು ಆಸ್ಟ್ರಿಯಾದ ಗ್ರಾಜ್ ಪಟ್ಟಣದ ಪೇಟೆಯಲ್ಲಿ ಸೂಜಿರಂಧ್ರದ ಉಪಕರಣ ನಿಲ್ಲಿಸಿ ಅವನು ಸೂರ್ಯಗ್ರಹಣವನ್ನು ನೋಡಿದ. ಇಂಥ ಬಿಂಬಗಳಲ್ಲಿ ಚಂದ್ರ ಇರಬೇಕಾದುದಕ್ಕಿಂತ ಚಿಕ್ಕದಾಗಿ ಕಾಣುವುದೇಕೆ ಎಂದು ಯೋಚಿಸುತ್ತಾ, ಅದು ರಂಧ್ರದ ಗಾತ್ರದಿಂದ ಆಗುವುದೆಂದು ಕಂಡುಕೊಂಡ. ಹಾಗಾದರೆ ನೋಡುವ ಕಣ್ಣಿನ ರಂಧ್ರದ ಕತೆಯೇನು? 1604ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ಉತ್ತರ ಕೊಟ್ಟ: ಮಸೂರ ಬೆಳಕನ್ನು ಕೂಡಿಸುತ್ತದೆ, ಚಿತ್ರ ಬೀಳುವುದು ಅಕ್ಷಿಪಟಲದ ಮೇಲೆ, ಅದೂ ತಲೆಕೆಳಗಾಗಿ. ಆ ಚಿತ್ರ ಮುಂದೆ ಮನಸ್ಸಿಗೆ ಹೇಗೆ ತಲಪುತ್ತದೆ ಎಂಬುದನ್ನು ಮಾತ್ರ ಇತರರ ವಿಚಾರಕ್ಕೆ ಬಿಟ್ಟುಬಿಟ್ಟ. ಎತ್ತಿನ ಕಣ್ಣಿನ ಹಿಂಭಾಗವನ್ನು ಸುಲಿದು ಆ ಬಿಂಬವನ್ನು ನೇರವಾಗಿ ನೋಡುವ ಪ್ರಯೋಗವನ್ನು 1637ರಲ್ಲಿ ದೆಕಾರ್ತ್ ವಿವರಿಸಿದ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಾವು 'ಕಣ್ಣಿನ ಪಾಪೆ' ಎನ್ನುತ್ತೇವಲ್ಲ, ಪಾಪೆ ಎಂದರೆ ಗೊಂಬೆ. ತಮಿಳಿನ 'ಪಾವೈ'ಗೂ ಗೊಂಬೆ, ಪಾಪೆ ಎಂಬ ಎರಡೂ ಅರ್ಥಗಳಿವೆ. ನೆರೆಯ ಮಲಯಾಳದಲ್ಲಿ ಗೊಂಬೆಗೆ 'ಪಾವ' ಎನ್ನುತ್ತಾರೆ. ಲ್ಯಾಟಿನಿನ 'ಪ್ಯೂಪಿಲ್ಲಾ' ಎಂದರೂ ಪುಟ್ಟ ಗೊಂಬೆಯೇ. ಎದುರಿದ್ದವರ ಕಣ್ಣಿನಲ್ಲಿ ತನ್ನ ಪುಟ್ಟ ಬಿಂಬವನ್ನು ಕಂಡ ಮನುಷ್ಯ ಎಲ್ಲೆಡೆ ಒಂದೇ ರೀತಿ ಹೆಸರಿಟ್ಟಿದ್ದಾನೆ.

1839ರಲ್ಲಿ ಫ್ರಾನ್ಸಿನ ಡಾಗೇರ್‌ನ ಛಾಯಾಚಿತ್ರ ವಿಧಾನ ಜಗತ್ತಿಗೆ ತಿಳಿದ ಮೇಲೆ ಹೋಲಿಕೆ ಇನ್ನೂ ಗಟ್ಟಿಯಾಯಿತು. ಕಣ್ಣಿನ ಪಾಪೆ ಸುಮಾರು 2ರಿಂದ 8 ಮಿಲಿಮೀಟರಿನವರೆಗೆ ಕಿರಿದಾಗಿ ಹಿರಿದಾಗುತ್ತದೆ. ಕ್ಯಾಮರಾದ ಬೆಳಕಿಂಡಿಯೂ ಹಾಗೆಯೇ. ಆದರೆ ವ್ಯತ್ಯಾಸಗಳನ್ನೂ ಮಕ್ಕಳಿಗೆ ಹೇಳಬೇಕು. ಹತ್ತಿರದ್ದನ್ನು, ದೂರದ್ದನ್ನು ಸ್ಪಷ್ಟಗೊಳಿಸಲು ಕ್ಯಾಮರಾದ ಮಸೂರ ಹಿಂದೆ ಮುಂದೆ ಸರಿಯುತ್ತದೆ. ನಮ್ಮ ಕಣ್ಣಿನ ಮಸೂರ ತನ್ನ ಆಕಾರವನ್ನೇ ಬದಲಿಸುತ್ತದೆ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಮುಂದಿನ ಕಾರ್ನಿಯಾವೇ ಮಾಡುತ್ತದೆ.

"ಕಣ್ಣು 576 ಮೆಗಾಪಿಕ್ಸೆಲ್ ಕ್ಯಾಮರಾ" ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡುವುದುಂಟು. ಅದನ್ನು ಹಾಗೆಯೇ ನಂಬಬೇಕಾಗಿಲ್ಲ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗ ಮಾತ್ರ ನಮಗೆ ಒಂದು ಸಲಕ್ಕೆ ತೀರ ಸ್ಪಷ್ಟ. ಅಕ್ಷಿಪಟಲದಲ್ಲಿ ಸುಮಾರು 12 ಕೋಟಿ ದಂಡಕೋಶಗಳೂ 60 ಲಕ್ಷ ಶಂಕುಕೋಶಗಳೂ ಇವೆ. ಅಲ್ಲಿಂದ ಮೆದುಳಿಗೆ ಹೋಗುವ ದೃಷ್ಟಿನರದ ಎಳೆಗಳಾದರೋ ಸುಮಾರು 10 ಲಕ್ಷ ಮಾತ್ರ. ಅಂದರೆ ಮೆದುಳಿಗೆ ಫೋಟೋ ಹೋಗುವುದಿಲ್ಲ, ಆರಿಸಿದ ಸುದ್ದಿ ಹೋಗುತ್ತದೆ. ತಲೆಯೊಳಗೆ ಕುಳಿತು ಆ ಚಿತ್ರವನ್ನು ನೋಡುವ ಇನ್ನೊಂದು ಕಣ್ಣು ಇಲ್ಲದ ಮೇಲೆ ಅದನ್ನು ತಿರುಗಿಸಿಡುವ ಅಗತ್ಯವೇ ಇಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಎಂಬುದು ನೋಟವೂ ಕೈಕಾಲೂ ಒಟ್ಟಾಗಿ ಕೆಲಸ ಮಾಡಿ ಸಿಗುವ ತಿಳುವಳಿಕೆ. ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರ ಇದು.

ಕೆಪ್ಲರ್ ಬಿಟ್ಟಲ್ಲಿಂದ ಮುಂದಿನ ಪ್ರಶ್ನೆಯನ್ನು ಎತ್ತಿದವರಲ್ಲಿ ಡಬ್ಲಿನ್‌ನ ವಿಲಿಯಂ ಮಾಲಿನ್ಯೂ ಒಬ್ಬ. ಅವನ ಪತ್ನಿಗೆ ದೃಷ್ಟಿ ಹೋಗಿತ್ತು. 1688ರಲ್ಲಿ ಅವನು ತತ್ತ್ವಜ್ಞಾನಿ ಲಾಕ್‌ನಿಗೆ ಬರೆದು ಕೇಳಿದ: ಹುಟ್ಟು ಕುರುಡನೊಬ್ಬ ಮುಟ್ಟಿ ಗುರುತಿಸಬಲ್ಲ ಚೆಂಡನ್ನೂ ಘನವನ್ನೂ ದೃಷ್ಟಿ ಬಂದ ಕೂಡಲೇ ಬರಿದೇ ನೋಡಿ ಗುರುತಿಸಬಲ್ಲನೇ? ಮುನ್ನೂರು ವರ್ಷಗಳ ಮೇಲೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ. ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ತಂಡ, ತಡವಾಗಿ ಕಣ್ಣಿನ ಶಸ್ತ್ರಚಿಕಿತ್ಸೆಯಾದ 8ರಿಂದ 17 ವರ್ಷದ ಐವರು ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಕೈಯಲ್ಲಿ ಮುಟ್ಟಿದ್ದ ವಸ್ತುವನ್ನು ಆ ಮಕ್ಕಳು ಕಣ್ಣಿನಿಂದ ಕೂಡಲೇ ಗುರುತಿಸಲಿಲ್ಲ. ಕೆಲವೇ ದಿನಗಳಲ್ಲಿ ಕಲಿಯತೊಡಗಿದರು. ನೋಡುವುದೂ ಕಲಿಯಬೇಕಾದ ವಿದ್ಯೆ!

ಈ ಕಲಿಕೆಗೂ ವಯಸ್ಸಿದೆ. ಹುಟ್ಟಿದ ಹೊಸತರಲ್ಲಿ ಒಂದು ಕಣ್ಣನ್ನು ಮುಚ್ಚಿಟ್ಟ ಬೆಕ್ಕಿನ ಮರಿಗೆ, ಆಮೇಲೆ ತೆರೆದರೂ ಆ ಕಣ್ಣಿನಿಂದ ಸರಿಯಾಗಿ ಕಾಣದೆಂದು ಹ್ಯೂಬೆಲ್ ಮತ್ತು ವೀಸೆಲ್ 1960ರ ದಶಕದಲ್ಲಿ ತೋರಿಸಿದರು. ಕಣ್ಣು ಚೆನ್ನಾಗಿಯೇ ಇತ್ತು, ಮೆದುಳು ಅದರ ಮಾತನ್ನು ಕೇಳುವುದನ್ನು ಬಿಟ್ಟಿತ್ತು. 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಕೆಟ್ಟ ಕ್ಯಾಮರಾವನ್ನು ಹತ್ತು ವರ್ಷ ಕಪಾಟಿನಲ್ಲಿಟ್ಟು ರಿಪೇರಿ ಮಾಡಿಸಿದರೂ ಚಿತ್ರ ತೆಗೆಯಬಹುದು. ಮಗುವಿನ ಕಣ್ಣು ಹಾಗೆ ಕಾಯುವುದಿಲ್ಲ. ಒಂದು ಕಣ್ಣು ಓರೆಯಾಗಿದ್ದರೆ, ಪಾಪೆಯಲ್ಲಿ ಬಿಳಿ ಕಂಡರೆ, ಮಗು ಪುಸ್ತಕವನ್ನು ಮೂಗಿಗೆ ತಾಗಿಸಿ ಓದಿದರೆ "ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎನ್ನಬೇಡಿ. ಅಧ್ಯಾಪಕರೂ ಹೆತ್ತವರೂ ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕರಿಹಲಗೆಯ ಅಕ್ಷರ ಕಾಣದ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸಿದ ತಪ್ಪು ನಮ್ಮಿಂದಲೂ ಆಗಿದೆ. ನಿಮ್ಮಿಂದ ಆಗದಿರಲಿ.