ಪಾವಗಡದ ಬಿಸಿಲು: ಬಾಡಿಗೆ ಬಂತು, ಕೂಲಿ ಎಲ್ಲಿಗೆ ಹೋಯ್ತು?

ತುಮಕೂರಿಂದ ಪಾವಗಡದ ಬಸ್ ಹತ್ತಿದ್ರೆ ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟಿ ಹೋಗ್ತೀವಿ. ದಾರಿಯುದ್ದಕ್ಕೂ ಬಂಡೆಗುಡ್ಡ, ಮಳೆ ನಂಬಿದ ಕಡ್ಲೆಕಾಯಿ ಹೊಲ. ಪಕ್ಕದ ಶಿರಾ ಸೀಮೆದೂ ಇದೇ ಕತೆ. ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರಿಗೆ ಗುಳೆ ಹೋಗ್ತಾರೆ. ಇಂಥ ಕಡೆ ದೊಡ್ಡ ಉದ್ಯಮ ಬಂದಾಗ ಅದು ಯಾರಿಗೆ ಉತ್ತರ ಕೊಡಬೇಕು? ಜಮೀನು ಇದ್ದವರಿಗೆ ಮಾತ್ರನಾ? ಇವತ್ತು ಈ ಪ್ರಶ್ನೆ ಇಟ್ಕೊಂಡು ಪಾವಗಡದ ಸೋಲಾರ್ ಪಾರ್ಕ್ ಕತೆ ನೋಡೋಣ.

2015ರಲ್ಲಿ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಸೇರಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು ಕಟ್ಟಿದವು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಜಮೀನು ಬೇಕಿತ್ತು. ಸರ್ಕಾರ ಅದನ್ನ ಸ್ವಾಧೀನ ಮಾಡ್ಕೊಳ್ಳಲಿಲ್ಲ, ಗುತ್ತಿಗೆಗೆ ಪಡೀತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಹೆಚ್ಚಳ. ಪಹಣಿ ರೈತರ ಹೆಸರಲ್ಲೇ ಉಳೀತು. ನಿಗಮ ಆ ಜಾಗವನ್ನು ಕಂಪನಿಗಳಿಗೆ ಕೊಟ್ಟಿತು. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಪಾರ್ಕನ್ನು ಉದ್ಘಾಟಿಸಿದರು. ಮುಂದೆ ಅದು 2,050 ಮೆಗಾವಾಟ್ ಮುಟ್ಟಿತು.

ಬೆಳೆ ಬಂದರೂ ಬಾರದಿದ್ರೂ ಬಾಡಿಗೆ ಬರುತ್ತೆ. ಬರದ ನಾಡಲ್ಲಿ ಇದು ಸಣ್ಣ ಮಾತಲ್ಲ, ನಾನೂ ಒಪ್ತೀನಿ. ಆದರೆ ಆ ಹೊಲಗಳಲ್ಲಿ ಕಳೆ ಕೀಳ್ತಿದ್ದವರು, ಕಡ್ಲೆಕಾಯಿ ಬಿಡಿಸ್ತಿದ್ದ ಹೆಂಗಸರು, ಬೀಳು ಜಮೀನಲ್ಲಿ ಕುರಿ ಮೇಯಿಸ್ತಿದ್ದವರು? ಬಾಡಿಗೆ ಹೋಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಇವರ ಹೆಸರು ಅಲ್ಲಿಲ್ಲ. ಪಾರ್ಕಲ್ಲಿ ಸಿಕ್ಕ ಕೆಲಸ ಅಂದ್ರೆ ಪ್ಯಾನೆಲ್ ತೊಳೆಯೋದು, ಹುಲ್ಲು ಕೊಯ್ಯೋದು, ಕಾವಲು ಕಾಯೋದು. ಅದು ಎಲ್ಲರಿಗೂ ಸಾಲಲಿಲ್ಲ.

ಇದು ಹೊಸ ಕತೆಯಲ್ಲ. 1974ರಲ್ಲಿ ದೇವರಾಜ ಅರಸು ಅವರ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಡಿಸ್ತು. ದಿನಗೂಲಿಯವನಿಗೆ ಹೊಲದ ಮೇಲೆ ಹಕ್ಕು ಬರಲಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಆ ತಪ್ಪನ್ನ ಸ್ವಲ್ಪ ತಿದ್ದಿತು: ಸ್ವಂತ ಜಮೀನಿಲ್ಲದಿದ್ರೂ, ಮೂರು ವರ್ಷದಿಂದ ಅಲ್ಲೇ ದುಡಿದು ಬದುಕುವ ಕೂಲಿ ಕುಟುಂಬವೂ ಬಾಧಿತ ಕುಟುಂಬವೇ ಅಂತ ಹೇಳಿತು. ಪಾವಗಡದಲ್ಲಿ ಭೂಸ್ವಾಧೀನವೇ ಆಗಲಿಲ್ಲವಲ್ಲ! ಹಾಗಾಗಿ ಆ ಕಾಯ್ದೆ ಹೊಲದ ಬದುವಿನಾಚೆಗೇ ನಿಂತಿತು.

ಉಳಿದದ್ದು ಸರ್ಕಾರದ ಬುದ್ಧಿಮಾತು. 2011ರಲ್ಲಿ ವಿಶ್ವಸಂಸ್ಥೆ ಒಂದು ಮಾರ್ಗಸೂಚಿಯನ್ನು ಒಪ್ಪಿಕೊಂಡಿತು: ಮಾನವ ಹಕ್ಕು ಕಾಪಾಡೋದು ಸರ್ಕಾರದ ಹೊಣೆ, ಗೌರವಿಸೋದು ಕಂಪನಿಯ ಹೊಣೆ, ಹಾನಿಯಾದವರಿಗೆ ಪರಿಹಾರದ ದಾರಿ ಇರಬೇಕು. 2019ರ ಮಾರ್ಚ್‌ನಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಜವಾಬ್ದಾರಿಯುತ ಉದ್ಯಮಕ್ಕೆ ಒಂಬತ್ತು ತತ್ವಗಳನ್ನು ಹೊರಡಿಸಿತು. ಐದನೆಯದು ಮಾನವ ಹಕ್ಕುಗಳ ಗೌರವ. ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಇದರ ವರದಿ ಕೊಡಲೇಬೇಕು. ಆದ್ರೆ ತತ್ವಗಳನ್ನು ಪಾಲಿಸೋದು ಅವರವರ ಇಚ್ಛೆ.

ನನಗನ್ನಿಸೋದು ಇಷ್ಟೇ. ಪಾವಗಡದಲ್ಲಿ ಸರ್ಕಾರ ದೂರ ನಿಂತು ಬುದ್ಧಿ ಹೇಳೋ ಜಾಗದಲ್ಲಿರಲಿಲ್ಲ. ರೈತನಿಂದ ಜಮೀನು ಪಡೆದದ್ದೂ ಅದರದ್ದೇ ನಿಗಮ, ಕಂಪನಿಗೆ ಕೊಟ್ಟದ್ದೂ ಅದೇ. ಆ ಕರಾರಲ್ಲಿ ಕೂಲಿಯವರ ಪಟ್ಟಿ ಮಾಡಿ, ಅವರಿಗೂ ಒಂದು ಪಾಲು ಬರೆಯೋದಕ್ಕೆ ಯಾವ ಹೊಸ ಕಾನೂನೂ ಬೇಕಿರಲಿಲ್ಲ. ಮುಂದೆ ಶಿರಾದಲ್ಲೋ ಮಧುಗಿರಿಯಲ್ಲೋ ಇಂಥ ಗುತ್ತಿಗೆ ಪತ್ರ ಬಂದ್ರೆ, ಸಹಿಗೆ ಮೊದಲು ಗ್ರಾಮಸಭೆಯಲ್ಲಿ ಇದನ್ನ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.