ಮರಳಿನ ಮೇಲಿನ ಪಾಠ

ನಾನು ಎಂ.ಎ. ಮುಗಿಸಿ ಸಂಜೆ ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಹೊಸತು. ತರಗತಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು ಬಿ.ಎ. ಓದುತ್ತಿದ್ದರು. ಒಂದು ದಿನ ಸಂಕೋಚದಿಂದಲೇ ಹೇಳಿದರು: “ಸಾರ್, ತಪ್ಪು ತಿಳೀಬೇಡಿ. ನೀವು ಕರಿಹಲಗೆಗೆ ಪಾಠ ಹೇಳ್ತೀರಿ. ನಾವು ಈ ಕಡೆ ಕೂತಿದೀವಿ.” ಅವರು ಟಿ.ಸಿ.ಎಚ್. ಆದವರು, ಪಾಠ ಹೇಳುವುದನ್ನೇ ಎರಡು ವರ್ಷ ಕಲಿತವರು. ನನಗೆ ಅದನ್ನು ಯಾರೂ ಕಲಿಸಿರಲಿಲ್ಲ. ಅಂದಿನ ನಾಚಿಕೆಯೇ ನನ್ನನ್ನು ಉಪಾಧ್ಯಾಯರ ತರಬೇತಿಯ ಚರಿತ್ರೆಯತ್ತ ತಿರುಗಿಸಿತು.

ಆ ಚರಿತ್ರೆಯ ಒಂದು ಎಳೆ ನಮ್ಮ ಜಗುಲಿಯಿಂದಲೇ ಹೊರಡುತ್ತದೆಂಬುದು ಸೋಜಿಗ. ಆಂಡ್ರೂ ಬೆಲ್ ಎಂಬ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ. ಒಮ್ಮೆ ದೇಶೀ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು ಅವನ ಕಣ್ಣಿಗೆ ಬಿತ್ತು. ತನ್ನಲ್ಲಿಯೂ ಹಾಗೆ ಕಲಿಸಹೋದರೆ ಉಪಾಧ್ಯಾಯರು ಒಪ್ಪಲಿಲ್ಲ. ಬೆಲ್ ಎಂಟು ವರ್ಷದ ಜಾನ್ ಫ್ರಿಸ್ಕನ್ ಎಂಬ ಹುಡುಗನನ್ನೇ ಕಿರಿಯರಿಗೆ ಗುರುವಾಗಿ ಕೂರಿಸಿದ! 1797ರಲ್ಲಿ ಈ ಪ್ರಯೋಗದ ವರದಿ ಲಂಡನ್ನಿನಲ್ಲಿ ಅಚ್ಚಾಯಿತು. ಅಲ್ಲಿ ಜೋಸೆಫ್ ಲಂಕಾಸ್ಟರನೂ ಇಂಥದೇ ಕ್ರಮ ನಡೆಸಿದ. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ಹಿರಿಯ ಹುಡುಗರೇ ಗುರುಗಳು. ಖರ್ಚು ಬಲು ಕಡಿಮೆ.

ಅಗ್ಗವೆಂಬ ಗುಣವೇ ದೋಷವೂ ಆಯಿತು. ಕಲಿತದ್ದನ್ನು ಒಪ್ಪಿಸಬಲ್ಲ ಹುಡುಗನಿಗೆ, ಪಕ್ಕದವನಿಗೆ ಅದು ಏಕೆ ತಿಳಿಯಲಿಲ್ಲವೆಂಬುದು ತಿಳಿಯದು. ಕಡೆಗೆ 1846ರಲ್ಲಿ ಇಂಗ್ಲೆಂಡಿನ ಸರ್ಕಾರ ಬೇರೆ ಏರ್ಪಾಡು ಮಾಡಿತು: ಹದಿಮೂರು ತುಂಬಿದವರು ಅನುಭವಸ್ಥ ಉಪಾಧ್ಯಾಯರ ಕೈಕೆಳಗೆ ಐದು ವರ್ಷ ಪಳಗಬೇಕು, ವರ್ಷ ವರ್ಷವೂ ಪರೀಕ್ಷೆ, ಮುಂದೆ ವಿದ್ಯಾರ್ಥಿವೇತನ ಗೆದ್ದವರಿಗೆ ತರಬೇತಿ ಕಾಲೇಜು. 1854ರಲ್ಲಿ ವುಡ್ಡನ ವಿದ್ಯಾಭ್ಯಾಸದ ಆಜ್ಞಾಪತ್ರ ಈ ಮಾದರಿಯನ್ನೂ ನಾರ್ಮಲ್ ಸ್ಕೂಲುಗಳನ್ನೂ ಹಿಂದೂಸ್ಥಾನಕ್ಕೆ ಶಿಫಾರಸು ಮಾಡಿತು. ಹಡಗು ಹತ್ತಿ ಹೋದ ಮದರಾಸಿನ ಮರಳು 65 ವರ್ಷಗಳ ಮೇಲೆ ಸರ್ಕಾರಿ ಕಾಗದವಾಗಿ ಮರಳಿತೆನ್ನೋಣವೇ?

ಕಾಗದದಿಂದ ಮೇಷ್ಟ್ರು ಹುಟ್ಟುವುದಿಲ್ಲ. ಅದಕ್ಕೆ ಮನುಷ್ಯರು ಬೇಕು. ಧಾರವಾಡದ ನಾರ್ಮಲ್ ಸ್ಕೂಲಿಗೆ ಡೆಪ್ಯುಟಿ ಚೆನ್ನಬಸಪ್ಪನವರು ಮುಖ್ಯಾಧ್ಯಾಪಕರಾಗಿ ದೊರೆತದ್ದು ಕನ್ನಡದ ಪುಣ್ಯ. ಮರಾಠಿಯ ಪ್ರಾಬಲ್ಯವಿದ್ದ ಆ ನಾಡಿನಲ್ಲಿ ಕನ್ನಡ ಶಾಲೆ ನಿಲ್ಲಬೇಕಾದರೆ ಕಟ್ಟಡಕ್ಕಿಂತ ಮೊದಲು ಕನ್ನಡದಲ್ಲಿ ಕಲಿಸಬಲ್ಲವರು ಬೇಕಾಗಿತ್ತು.

ಅಕ್ಷರ ಬಲ್ಲವರೆಲ್ಲ ಗುರುಗಳಲ್ಲವೆಂದು ತಿಳಿಯಲು ಇಂಗ್ಲೆಂಡಿಗೆ ಅರ್ಧ ಶತಮಾನ ಹಿಡಿಯಿತು. ನನಗೆ ಆ ತಾಯಿಯ ಒಂದು ಮಾತು ಸಾಕಾಯಿತು. ಎಂ.ಎ. ಆದವರೂ ಪಾಠ ಹೇಳುವುದನ್ನು ಕಲಿತೇ ತರಗತಿಗೆ ಹೋಗಲಿ ಎಂದರೆ ನನ್ನ ಸಹೋದ್ಯೋಗಿಗಳು ಮುನಿಯಬಾರದು.