ಧೂಳು ಮುಸುಕಿದ ದೂರದ ಗೆಲಾಕ್ಸಿಗಳು

ವಿಶ್ವದ ಎಳವೆಯಲ್ಲೇ ರೂಪುಗೊಂಡು, ತಮ್ಮದೇ ಧೂಳಿನ ಹಿಂದೆ ಮಂಕಾಗಿಯೋ ಪೂರ್ತಿ ಮರೆಯಾಗಿಯೋ ಇರುವ ಗೆಲಾಕ್ಸಿಗಳು. ಇವನ್ನು ಅವಕೆಂಪು ಕಿರಣಗಳಲ್ಲಿ, ಅದಕ್ಕೂ ಉದ್ದದ ಸಬ್‌ಮಿಲಿಮೀಟರ್ ಅಲೆಗಳಲ್ಲಿ ಹುಡುಕುತ್ತಾರೆ.

ಇಲ್ಲಿ ಧೂಳೆಂದರೆ ಬೇಸಿಗೆಯಲ್ಲಿ ಶಿವಮೊಗ್ಗದ ರಸ್ತೆಬದಿಯ ಮರಗಳ ಮೇಲೆ ಕೂರುವ ಕೆಮ್ಮಣ್ಣಲ್ಲ. ಇಂಗಾಲ, ಸಿಲಿಕೇಟುಗಳ ಕಣಗಳು. ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು, ಗಾತ್ರದಲ್ಲಿ ಒಲೆಯ ಹೊಗೆಗೆ ಹತ್ತಿರ. ಎಳೆಯ ನಕ್ಷತ್ರಗಳ ಅತಿನೇರಳೆ ಬೆಳಕನ್ನು ಹೀರಿ ಇವು ಬೆಚ್ಚಗಾಗುತ್ತವೆ. ಬೆಚ್ಚಗೆಂದರೂ ಸೊನ್ನೆಗಿಂತ ಸುಮಾರು 230 ಡಿಗ್ರಿ ಸೆಲ್ಸಿಯಸ್ ಕೆಳಗೆ! ಹೀರಿದ್ದನ್ನು 70–100 ಮೈಕ್ರಾನ್ ಆಸುಪಾಸಿನ ಅಲೆಗಳಾಗಿ ಹೊರಸೂಸುತ್ತವೆ.

ವಸ್ತು ತಣ್ಣಗಿದ್ದಷ್ಟೂ ಅದು ಸೂಸುವ ಅಲೆ ಉದ್ದ. 1923ರಲ್ಲಿ ಇದ್ದಿಲಿನ ಊದುಕುಲುಮೆಯೊಂದಿಗೆ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರಿಗೆ ಇದು ಮೈಗೇ ಗೊತ್ತಿದ್ದ ಸಂಗತಿ. ಕರಗಿದ ಕಬ್ಬಿಣ ಕಣ್ಣು ಕೋರೈಸುತ್ತದೆ, ಆರುತ್ತ ಕೆಂಪಾಗುತ್ತದೆ, ಕಪ್ಪಾದ ಮೇಲೂ ಮುಖಕ್ಕೆ ಝಳ ಹೊಡೆಯುತ್ತದೆ. ಆ ಝಳವೇ ಅವಕೆಂಪು.

ವಿಶ್ವ ಹಿಗ್ಗುತ್ತಿರುವುದರಿಂದ ಗೆಲಾಕ್ಸಿಯ ಝಳವೂ ದಾರಿಯಲ್ಲಿ ಹಿಗ್ಗಿ, ನಮ್ಮನ್ನು ತಲಪುವಾಗ ಮಿಲಿಮೀಟರಿನ ಹತ್ತಿರಕ್ಕೆ ಬಂದಿರುತ್ತದೆ. ಇದರಿಂದ ಒಂದು ವಿಚಿತ್ರ: 850 ಮೈಕ್ರಾನಿನಲ್ಲಿ ನೋಡಿದರೆ ಇಂಥ ಗೆಲಾಕ್ಸಿ ಎಷ್ಟೋ ದೂರದವರೆಗೆ ಹೆಚ್ಚುಕಡಿಮೆ ಒಂದೇ ಪ್ರಖರತೆಯದು. ದೂರ ಕಳೆದದ್ದನ್ನು ಅಲೆಗಳ ಈ ಹಿಗ್ಗುವಿಕೆ, ಅಂದರೆ ಕೆಂಪು ಪಲ್ಲಟ, ತುಂಬಿಕೊಡುತ್ತದೆ.

ಈ ಅಲೆಗಳನ್ನು ನೆಲದಿಂದ ನೋಡಲು ಅಡ್ಡಿ ನಮ್ಮ ಗಾಳಿಯಲ್ಲಿನ ನೀರಾವಿ. ಮಳೆಗಾಲದ ಮಲೆನಾಡಿನ ಮಾತಿರಲಿ, ಬಯಲುಸೀಮೆಯ ತಿಳಿ ಆಕಾಶವೂ ಈ ಕೆಲಸಕ್ಕೆ ಒದಗದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ 2 ಮೀಟರ್ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ನಿಲ್ಲಿಸಿ, ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಿರುವುದಕ್ಕೆ ಒಣಹವೆಯೂ ಒಂದು ಕಾರಣ. ಅದು ಹತ್ತಿರದ ಅವಕೆಂಪನ್ನು ನೋಡಬಲ್ಲದು. ಈ ಲೇಖನದ ಗೆಲಾಕ್ಸಿಗಳಿಗೆ ಮಾತ್ರ ಅದರ ಕನ್ನಡಿ ಚಿಕ್ಕದು.

1983ರ ಐರಾಸ್ ಉಪಗ್ರಹ ಇಡೀ ಆಕಾಶವನ್ನು ಅವಕೆಂಪಿನಲ್ಲಿ ಜಾಲಾಡಿತು. ಕೋಬೆ ಉಪಗ್ರಹದ ದತ್ತಾಂಶದಲ್ಲಿ 1996ರಲ್ಲಿ ಪತ್ತೆಯಾದ ಹಿನ್ನೆಲೆ ಅವಕೆಂಪು, ನಕ್ಷತ್ರಗಳು ಈವರೆಗೆ ಸೂಸಿದ ಬೆಳಕಿನಲ್ಲಿ ಸುಮಾರು ಅರ್ಧ ಧೂಳಿನ ಮೂಲಕವೇ ಬಂದಿದೆಯೆಂದು ತಿಳಿಸಿತು. ಅಂದರೆ ಕಾಣುವ ಬೆಳಕನ್ನಷ್ಟೇ ನಂಬಿದ ಖಗೋಳದ ಲೆಕ್ಕದಲ್ಲಿ ಅರ್ಧ ಬಾಬತ್ತು ಬಿಟ್ಟುಹೋಗಿತ್ತು. 1998ರಲ್ಲಿ ಹವಾಯಿಯ ಸ್ಕೂಬಾ ಉಪಕರಣ, ಹಬಲ್ ದೂರದರ್ಶಕ ಆಳವಾಗಿ ಚಿತ್ರಿಸಿದ್ದ ತುಣುಕು ಆಕಾಶದಲ್ಲೇ ಎಚ್‌ಡಿಎಫ್850.1 ಎಂಬ ಪ್ರಖರ ಆಕರವನ್ನು ಕಂಡಿತು. ಹಬಲ್ ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ಅದರ ದೂರ ತಿಳಿಯಲು 2012 ಬರಬೇಕಾಯಿತು: ಕೆಂಪು ಪಲ್ಲಟ 5.18, ಆ ಬೆಳಕು ಹೊರಟಾಗ ವಿಶ್ವದ ವಯಸ್ಸು ಸುಮಾರು 110 ಕೋಟಿ ವರ್ಷ.

ಧೂಳು ಮರೆಮಾಡುವುದಷ್ಟೇ ಅಲ್ಲ, ಏಮಾರಿಸುತ್ತದೆ ಕೂಡ. ಜೇಮ್ಸ್ ವೆಬ್ ದೂರದರ್ಶಕದ 2022ರ ಚಿತ್ರಗಳಲ್ಲಿ ಕಂಡ ಸಿಯರ್ಸ್-93316 ಎಂಬ ಗೆಲಾಕ್ಸಿಯ ಕೆಂಪು ಪಲ್ಲಟ ಬಣ್ಣದ ಲೆಕ್ಕದಲ್ಲಿ 16 ದಾಟಿ, ಅದುವರೆಗಿನ ದಾಖಲೆಗಳನ್ನೆಲ್ಲ ಮುರಿಯುವಂತಿತ್ತು. 2023ರಲ್ಲಿ ರೋಹಿತ ತೆಗೆದಾಗ ಸಿಕ್ಕಿದ್ದು 4.9, ಧೂಳಿನಿಂದ ಕೆಂಪಾಗಿದ್ದ ಗೆಲಾಕ್ಸಿ ದೂರದ್ದೆಂದು ತೋರಿತ್ತು, ಅಷ್ಟೆ.

ಅಷ್ಟು ಬೇಗ ಅಷ್ಟೊಂದು ಧೂಳು ಎಲ್ಲಿಂದ ಬಂತೆಂಬುದು ಇನ್ನೂ ತೀರ್ಮಾನವಾಗದ ಪ್ರಶ್ನೆ. ಮುದಿ ನಕ್ಷತ್ರಗಳಿಗೆ ಧೂಳು ಉಗುಳಲು ಹೆಚ್ಚು ಕಾಲ ಬೇಕು. ಆದ್ದರಿಂದ ಅಲ್ಪಾಯುಷಿ ದೈತ್ಯ ನಕ್ಷತ್ರಗಳ ಸ್ಫೋಟದ ಮೇಲೆ ಗುಮಾನಿ. 1987ರಲ್ಲಿ ನೆರೆಯ ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾದ ಅವಶೇಷದಲ್ಲಿ ಹರ್ಷೆಲ್ ಉಪಗ್ರಹ ಸೂರ್ಯನ ತೂಕದ ಅರ್ಧದಷ್ಟು ತಣ್ಣನೆಯ ಧೂಳನ್ನು ಅಳೆದಿದೆ. ಸ್ಫೋಟದ ಆಘಾತದಲ್ಲಿ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬಲ್ಲಿಗೆ ಚರ್ಚೆ ನಿಂತಿದೆ.